ಗೇಟಣ್ಣ ಊರು ನೋಡಿದ ದಿನ

ಎಲ್ಲಕ್ಕೂ ಮೂಲ ಒಂದು ಆಕಳಿಕೆ. ಅದೂ ಹಲ್ಲಿನ ಡಾಕ್ಟರಮ್ಮನ ಎದುರಿಗೆ.

ಗೇಟಣ್ಣ ಆ ನಾಲ್ಕಂತಸ್ತಿನ ಕಟ್ಟಡದ ರಾತ್ರಿ ಕಾವಲುಗಾರ. ರಾತ್ರಿಯೆಲ್ಲ ಗೇಟಿನ ಬಳಿ ಕೂತಿದ್ದು, ಬೆಳಗಾದ ಮೇಲೆ ಮೆಟ್ಟಿಲ ಕೆಳಗಿನ ತನ್ನ ಕೋಣೆ ಸೇರಿ ಮಲಗುವುದು ಅವನ ಬದುಕು. ಈಚೆಗೆ ಎದುರಿನ ಸೈಟಿನಲ್ಲಿ ಮನೆ ಕಟ್ಟಲು ಶುರುಮಾಡಿದ್ದರಿಂದ, ಹಗಲಿಡೀ ಕಲ್ಲು ಕೊರೆಯುವ ಯಂತ್ರ ಅವನ ನಿದ್ದೆಯನ್ನೂ ಕೊರೆಯುತ್ತಿತ್ತು. ಹೋದ ವಾರ ರಾತ್ರಿ ಕೂತಲ್ಲೇ ತೂಕಡಿಸಿ ಕಟ್ಟಡದ ಸಂಘದ ಸೆಕ್ರೆಟರಿಯವರ ಕಣ್ಣಿಗೆ ಬಿದ್ದಿದ್ದ. "ಇನ್ನೊಂದ್ ಸಲ ಕಂಡ್ರೆ ಬೇರೆ ಕೆಲಸ ನೋಡ್ಕೋಬೇಕಾಗತ್ತೆ" ಎಂದಿದ್ದರು ಅವರು. ಈ ವಯಸ್ಸಿನಲ್ಲಿ ಬೇರೆ ಕೆಲಸ ಅವನನ್ನು ನೋಡಬೇಕಲ್ಲ.

ಶನಿವಾರ ಬೆಳಿಗ್ಗೆ ಗೇಟು ತೆಗೆಯುವಾಗ ಅವನು ಬಾಯಿಬಿಟ್ಟು ಆಕಳಿಸಿದ. ಹಾಲಿಗೆ ಹೊರಟಿದ್ದ ಡಾಕ್ಟರಮ್ಮ ಅಭ್ಯಾಸಬಲದಿಂದ ಮೊದಲು ಬಾಯೊಳಗೆ ಇಣುಕಿದರು.

"ಹಲ್ಲು ಪರವಾಗಿಲ್ಲ. ಮುಖ ಯಾಕೆ ಹೀಗೆ ಬಾಡಿದೆ?"

"ನಿದ್ದೆ ಸಾಲದು ಅಮ್ಮ."

"ನಿದ್ದೆ ಅಲ್ಲ, ಬಿಸಿಲು ಸಾಲದು. ನೀವು ಹಗಲನ್ನೇ ನೋಡಿಲ್ಲ. ಈ ಊರಿಗೆ ಬಂದು ಇಷ್ಟು ವರ್ಷ ಆಯ್ತಲ್ಲ, ಏನೇನು ನೋಡಿದೀರಿ?"

ಗೇಟಣ್ಣ ಯೋಚಿಸಿದ. "ಗೇಟು" ಎಂದ.

ಆ ಒಂದು ಮಾತು ಡಾಕ್ಟರಮ್ಮನ ಕರುಳಿಗೆ ತಾಗಿತು. ಭಾನುವಾರ ಬೆಳಿಗ್ಗೆ ಅವನು ಕಣ್ಣುಜ್ಜಿಕೊಂಡು ಕೋಣೆಯತ್ತ ಹೆಜ್ಜೆ ಹಾಕುವಷ್ಟರಲ್ಲಿ ಅರ್ಧ ಕಟ್ಟಡವೇ ಅಡ್ಡ ನಿಂತಿತ್ತು. ಎಲ್ಲರೂ ಸೇರಿ ಊರು ತೋರಿಸುವ ಬಸ್ಸಿನಲ್ಲಿ ಅವನಿಗೊಂದು ಸೀಟು ಹಿಡಿದಿದ್ದರು. ಊಟ ತಿಂಡಿಯೂ ಅದರಲ್ಲೇ. ಮೇಲಿನ ಮನೆಯ ಟೈಲರ್ ತನ್ನ ಟೋಪಿ ಕೊಟ್ಟ. ಯಾರೋ ನೀರಿನ ಬಾಟಲಿ ಕೊಟ್ಟರು.

"ಇವತ್ತು ಬೇಡ ಅಮ್ಮ, ಒಂದ್ ಗಳಿಗೆ ಮಲಗಿ..."

"ಮಲಗೋದು ಇದ್ದೇ ಇದೆ. ಹತ್ತಿ, ಹತ್ತಿ."

ಅಷ್ಟು ಜನ ನಗುತ್ತ ನಿಂತಿರುವಾಗ ಒಲ್ಲೆ ಎನ್ನುವ ಗಟ್ಟಿತನ ಅವನಲ್ಲಿರಲಿಲ್ಲ. ಬಸ್ಸಿನಲ್ಲಾದರೂ ಮಲಗಬಹುದು ಎಂದುಕೊಂಡು ಹತ್ತಿದ. ಸಂಜೆಯೊಳಗೆ ನಿದ್ದೆ ಆಗದಿದ್ದರೆ ರಾತ್ರಿ ತೂಕಡಿಕೆ ಖಂಡಿತ. ತೂಕಡಿಸಿದರೆ ಕೆಲಸ ಖಂಡಿತ ಇಲ್ಲ.

ಆದರೆ ಪಕ್ಕದ ಸೀಟಿನಲ್ಲಿ ಒಬ್ಬರು ನಿವೃತ್ತ ನರ್ಸಮ್ಮ ಇದ್ದರು. ಮಲಗಿದವರನ್ನು ಎಬ್ಬಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ಗೇಟಣ್ಣನ ತಲೆ ಕಿಟಕಿಗೆ ಒರಗಿದ್ದೇ ತಡ, ಮೊಣಕೈಯಿಂದ ತಿವಿದರು.

"ಏಳಪ್ಪ, ಗಡಿಯಾರದ ಗೋಪುರ ಬಂತು."

ನೋಡಿದ. ಮತ್ತೆ ಒರಗಿದ.

"ಏಳಪ್ಪ, ಹಳೇ ಸೇತುವೆ."

ಸೇತುವೆಯನ್ನೂ ನೋಡಿದ. ಅದರ ಕೆಳಗೆ ನೆರಳಿನಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಆ ದಿನ ಕಂಡದ್ದರಲ್ಲಿ ಅವನಿಗೆ ನಿಜವಾಗಿ ಹಿಡಿಸಿದ್ದು ಅದೊಂದೇ.

ಉದ್ಯಾನದಲ್ಲಿ ಕಲ್ಲಂಗಡಿ ಕೊಯ್ದು ಕೊಟ್ಟರು. ಪೇಟೆಯಲ್ಲಿ ಶರಬತ್ತು, ಅದರ ಹಿಂದೆಯೇ ಐಸ್‌ಕ್ರೀಮು. ನರ್ಸಮ್ಮ ಡಬ್ಬಿ ತೆರೆದು ಕೇಕಿನ ಚೂರು ಅವನ ಕೈಗಿಟ್ಟರು. "ನನ್ನ ತಮ್ಮನೂ ನಿನ್ ಹಾಗೇ ಸಪ್ಪಗಿದ್ದ. ತಿಂದ್ರೆ ಸರಿಹೋಗತ್ತೆ." ಹೊಟ್ಟೆ ತುಂಬಿದಷ್ಟೂ ರೆಪ್ಪೆ ಭಾರವಾಗುತ್ತಿತ್ತು. ಬಿಸಿಲು ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿತ್ತು.

ಊಟಕ್ಕೆ ಮೊದಲು ಅರಮನೆ. ಒಳಗೆ ತಂಪು, ಅರೆಗತ್ತಲೆ. ಒಂದು ಕೋಣೆಯಲ್ಲಿ ಹಗ್ಗದ ಆಚೆ ರಾಜನ ಮಂಚ. ಮಾರ್ಗದರ್ಶಿ ಹುಡುಗಿ ಕೆತ್ತನೆಯ ವಿಚಾರ ಹೇಳುತ್ತಿದ್ದಳು. ಗೇಟಣ್ಣ ಹಾಸಿಗೆಯ ದಪ್ಪ ನೋಡುತ್ತಿದ್ದ. ಗುಂಪು ಮುಂದೆ ಹೋದರೂ ಅವನಿಗೆ ಕಾಲು ಕೀಳಲಾಗಲಿಲ್ಲ.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅರಮನೆಯ ಕಾವಲುಗಾರ ಇದನ್ನು ಗಮನಿಸಿದ. "ರಾತ್ರಿ ಪಾಳಿಯಾ?" ಎಂದ ಮೆಲ್ಲಗೆ.

"ಹೇಗೆ ಗೊತ್ತಾಯ್ತು?"

"ಬೇರೆಯವರು ಮಂಚ ನೋಡ್ತಾರೆ, ನೀನು ದಿಂಬು ನೋಡ್ತಿದೀಯ. ನಾನೂ ಹತ್ತು ವರ್ಷ ಮಾಡಿದೀನಿ. ಬಾ, ಇಲ್ಲಿ ಕೂತ್ಕೋ. ನಾನು ನೀರು ಕುಡಿದು ಬರ್ತೀನಿ, ಅಷ್ಟರಲ್ಲಿ ಒಂದ್ ಕೋಳಿನಿದ್ದೆ ತೆಗಿ."

ಆ ಪುಣ್ಯಾತ್ಮನ ಸ್ಟೂಲಿನ ಮೇಲೆ ಕೂತು ಗೋಡೆಗೊರಗಿದ್ದಷ್ಟೇ ನೆನಪು. ಆಹಾ ಎನ್ನುವಷ್ಟರಲ್ಲಿ ಯಾರೋ ಭುಜ ಅಲುಗಿಸಿದರು. ಎದುರಿಗೆ ಕೋಟು ತೊಟ್ಟ ಅರಮನೆಯ ಅಧಿಕಾರಿ.

"ಏನ್ರೀ ಇದು, ಡ್ಯೂಟಿ ಹೊತ್ತಲ್ಲಿ ನಿದ್ದೆ?"

ಗೇಟಣ್ಣ ದಡಬಡಿಸಿ ಎದ್ದ. ನಾನು ನಿಮ್ಮ ಕಾವಲುಗಾರನಲ್ಲ, ನೋಡಲು ಬಂದವನು ಎನ್ನಬೇಕಿತ್ತು. ನಿದ್ದೆಗಣ್ಣಿನಲ್ಲಿ ನಾಲಗೆಗೆ ಬಂದದ್ದು ರೂಢಿಯ ಮಾತು: "ತಪ್ಪಾಯ್ತು ಸಾರ್, ಇನ್ನೊಂದ್ ಸಲ ಹೀಗಾಗಲ್ಲ."

"ಸಮವಸ್ತ್ರ ಎಲ್ಲಿ? ಈ ಟೋಪಿ ಯಾರದು?"

"ಟೈಲರ್‌ದು ಸಾರ್."

ಅಧಿಕಾರಿ ಅದೇ ಬಾಗಿಲಲ್ಲಿ ಅವನನ್ನು ನಿಲ್ಲಿಸಿ, ಕಾವಲು ಎಂದರೇನು ಎಂಬುದನ್ನು ಮೊದಲಿನಿಂದ ವಿವರಿಸಿದರು. ಕೆಲಸ ಕಳೆದುಕೊಳ್ಳುವ ಭಯ ಗೇಟಣ್ಣನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ತನ್ನದಲ್ಲದ ಕೆಲಸಕ್ಕೂ ಅವನು ಕೈಮುಗಿದು ಬೇಡಿಕೊಂಡ. ಕೊನೆಗೆ ನರ್ಸಮ್ಮ ಹುಡುಕಿಕೊಂಡು ಬಂದು, "ಇವನು ನಮ್ಮ ಬಸ್ಸಿನವನು ಕಣ್ರೀ, ಊಟ ಆರಿಹೋಗ್ತಿದೆ" ಎಂದು ಕೈಹಿಡಿದು ಎಳೆದುಕೊಂಡು ಹೋದರು.

ಊಟವಾದ ಮೇಲೆ ಕೆರೆಯಲ್ಲಿ ದೋಣಿ. ತೊಟ್ಟಿಲು ತೂಗಿದ ಹಾಗೆ ತೂಗುತ್ತಿತ್ತು. ಅವನು ನೀರಿಗೆ ಬಿದ್ದಾನೆಂದು ನರ್ಸಮ್ಮ ಕಾಲರ್ ಹಿಡಿದು ಕೂತರು. ಕಣ್ಣು ಮುಚ್ಚಿದಾಗಲೆಲ್ಲ ಜಗ್ಗಿದರು. ಕೊನೆಗೆ ಗುಡ್ಡದ ಮೆಟ್ಟಿಲು. ತುದಿಯಿಂದ ಇಡೀ ಊರು ಕಾಣುತ್ತದೆ ಎಂದಳು ಮಾರ್ಗದರ್ಶಿ. ಗೇಟಣ್ಣನಿಗೆ ಎರಡೆರಡು ಊರು ಕಂಡವು.

ದೀಪ ಹಚ್ಚುವ ಹೊತ್ತಿಗೆ ಅವನು ಮರಳಿದಾಗ ಬೆಳಗಿನ ಜನವೇ ಗೇಟಿನಲ್ಲಿ ಕಾಯುತ್ತಿದ್ದರು. ಯಾಕೋ ಎಲ್ಲರ ಮುಖದಲ್ಲೂ ಕಳ್ಳನಗೆ. ಸೆಕ್ರೆಟರಿಯವರ ಕನ್ನಡಕದ ಮೇಲೆ ನೀಲಿ ಚುಕ್ಕೆಗಳು. ಅವರೇ ಮುಂದೆ ಬಂದು ಗೇಟಣ್ಣನ ಹೆಗಲ ಮೇಲೆ ಕೈಯಿಟ್ಟರು.

"ಅವತ್ತು ಬೈದುಬಿಟ್ಟೆ. ಆಮೇಲೆ ನಿಮ್ಮ ಕೋಣೆ ಇಣುಕಿ ನೋಡಿದೆ. ಆ ಗೋಡೆ, ಆ ಮಸಿ. ಅಲ್ಲಿ ಯಾರಿಗೆ ತಾನೇ ನಿದ್ದೆ ಬರತ್ತೆ? ಅದಕ್ಕೇ ನಿಮ್ಮನ್ನ ಹೊರಗೆ ಕಳಿಸಿದ್ದು. ಇಲ್ಲದಿದ್ರೆ ನೀವು ಒಪ್ತಿದ್ರಾ?"

ಬಾಗಿಲು ತೆಗೆದರು. ಗೋಡೆ ನೀಲಿ, ಚಾವಣಿ ಬಿಳಿ. ಮಂಚಕ್ಕೂ ಹಸಿ ಬಣ್ಣ. ಒಗೆದ ಹಾಸಿಗೆ ಮಹಡಿಯ ಮೇಲೆ ನೀರು ಸುರಿಸುತ್ತಿತ್ತು. ಕಟ್ಟಡದವರೆಲ್ಲ ಆಳು ಹಚ್ಚದೆ ಸ್ವಂತ ಕೈಯಿಂದ ಬಳಿದಿದ್ದರು. ಟೈಲರ್ ಕಿಟಕಿಗೆ ಹೊಸ ಪರದೆ ಹೊಲಿದಿದ್ದ. ಗೇಟಣ್ಣನ ಕಣ್ಣು ತುಂಬಿತು. ಅರ್ಧ ಬಣ್ಣದ ಘಾಟಿಗೆ, ಅರ್ಧ ನಿಜವಾಗಿಯೂ.

"ತುಂಬಾ ಉಪಕಾರ ಆಯ್ತು" ಎಂದು ಅವನು ಒಳಗೆ ಕಾಲಿಡುವಷ್ಟರಲ್ಲಿ ಡಾಕ್ಟರಮ್ಮ ತಡೆದರು.

"ಮುಟ್ಟಬೇಡಿ, ಒಣಗೋಕೆ ಇನ್ನೂ ಎರಡು ದಿನ ಬೇಕು. ಅಲ್ಲೀವರೆಗೂ ಹಗಲು ಎಲ್ಲಿರ್ತೀರಿ ಅಂತ ಚಿಂತೆ ಬೇಡ." ಅವರು ಅವನ ಜೇಬಿಗೆ ಎರಡು ಚೀಟಿ ತುರುಕಿದರು. "ನಾಳೆ ಜಲಪಾತ, ನಾಡಿದ್ದು ಮೃಗಾಲಯ. ಬಸ್ಸು ಬೆಳಿಗ್ಗೆ ಬೇಗ."

ಎಲ್ಲರೂ ತೃಪ್ತರಾಗಿ ತಮ್ಮ ತಮ್ಮ ಮನೆಗೆ ಮಲಗಲು ಹೋದರು. ಗೇಟಣ್ಣ ಕಾವಲಿಗೆ ಬಂದು ತನ್ನ ಕುರ್ಚಿ ಹುಡುಕಿದ. ಅದೂ ನೀಲಿಯಾಗಿ ಒಂದು ಮೂಲೆಯಲ್ಲಿ ಒಣಗುತ್ತಿತ್ತು.

ಆ ರಾತ್ರಿ ಅವನು ತೂಕಡಿಸಲಿಲ್ಲ. ನಿಂತುಕೊಂಡು ತೂಕಡಿಸುವುದು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ.