ಹೂಮಳೆಯ ಕಾಲದಲ್ಲಿ ಜಪಾನಿಗೆ ಹೊರಡುವ ಸಿಬ್ಬಂದಿ ಹಾಗೂ ಭಾಗಮಂಡಲದ ಮಳೆಮಾಪಕದ ಬಗ್ಗೆ

ಜಿಲ್ಲಾ ಮಳೆ ಅಳತೆ ಮತ್ತು ಮಂಜು ನಿರ್ವಹಣಾ ಕಚೇರಿ, ಮಡಿಕೇರಿ

ಸಂಖ್ಯೆ: ಮಅಮಂ/ಜಪಾನ್/ಹೂ/07/2025-26
ದಿನಾಂಕ: 09-03-2026

ಸುತ್ತೋಲೆ

ವಿಷಯ: ಜಪಾನಿನ ಸಂಸ್ಕೃತಿ ಹಾಗೂ ಪ್ರಕೃತಿಯನ್ನು ಮಾರ್ಗದರ್ಶಿಯ ಸಮ್ಮುಖದಲ್ಲಿ ಅನುಭವಿಸುವ ಹನ್ನೆರಡು ದಿನಗಳ ಪ್ರವಾಸದಲ್ಲಿ ಸಿಬ್ಬಂದಿ ಪಾಲಿಸತಕ್ಕ ನಡವಳಿಕೆ, ಮತ್ತು ಬರುವುದಿಲ್ಲ ಎಂದಿರುವ ಒಬ್ಬ ನೌಕರರ ಬಗ್ಗೆ.

ಉಲ್ಲೇಖ:
1) ಕೇಂದ್ರ ಕಚೇರಿಯ ಪತ್ರ: ‘ಅನುಭವಿಸಿ, ಏಳು ದಿನಗಳೊಳಗೆ ವರದಿ ಸಲ್ಲಿಸುವುದು.’
2) ಮಾದಾಪುರದಲ್ಲಿ 22-02-2026ರಂದು ನಡೆದ ಪೂರ್ವಾಭ್ಯಾಸದ ವರದಿ (ಕಾಫಿ ಕಲೆಯಾಗಿರುವ ಪ್ರತಿ).
3) ಭಾಗಮಂಡಲದ ಮಳೆ ಅಳತೆಗಾರ ಶ್ರೀ ನಾಣಯ್ಯ ಅವರ ನಿರಾಕರಣೆ (ಮೌಖಿಕ, ಬೇಲಿಯ ಆಚೆಯಿಂದ).
4) ಸದರಿಯವರ ಪತ್ನಿ ಶ್ರೀಮತಿ ಬೊಳ್ಳಮ್ಮ ಅವರ ದೂರವಾಣಿ ಕರೆ (ಉಲ್ಲೇಖ 3ರ ನಿರಾಕರಣೆ).

* * *

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಕಚೇರಿಯ ಹನ್ನೆರಡು ಮಂದಿಯನ್ನು ಚೀಟಿ ಎತ್ತಿ ಆಯ್ಕೆ ಮಾಡಿ, ಏಪ್ರಿಲ್ 3ರಿಂದ 14ರವರೆಗೆ ಜಪಾನ್ ದೇಶಕ್ಕೆ ಕಳುಹಿಸಲು ತೀರ್ಮಾನಿಸಲಾಗಿರುತ್ತದೆ. ಹಳೆಯ ಮರದ ಮನೆಗಳ ಬೀದಿ, ಚಹಾ ವಿಧಿ, ಕಾಡಿನಲ್ಲಿ ಮೌನ ನಡಿಗೆ, ಬಿಸಿನೀರಿನ ಬುಗ್ಗೆ, ಚೆರ್ರಿ ಹೂವಿನ ವೀಕ್ಷಣೆ ಮತ್ತು ಕೊನೆಯಲ್ಲಿ ಹಿಮ ಇನ್ನೂ ಕರಗದಿರುವ ಒಂದು ಬೆಟ್ಟದ ಹಳ್ಳಿಯಲ್ಲಿ ಎರಡು ದಿನಗಳ ವಾಸ ಕಾರ್ಯಕ್ರಮದಲ್ಲಿ ಸೇರಿವೆ. ಬೆಟ್ಟ, ಮಂಜು, ಮಳೆ, ಕಾಡು ಇರುವ ಜಿಲ್ಲೆಯಿಂದ ಬೆಟ್ಟ, ಮಂಜು, ಮಳೆ, ಕಾಡು ಇರುವ ದೇಶಕ್ಕೆ ಹೋಗುವುದು ಏಕೆ ಎಂದು ಕೇಂದ್ರ ಕಚೇರಿ ಆಕ್ಷೇಪಣೆ ಎತ್ತಿದ್ದು, ‘ಹೋಲಿಸಿ ನೋಡುವ ಸಲುವಾಗಿ’ ಎಂದು ಉತ್ತರಿಸಲಾಗಿದೆ. ಈ ಉತ್ತರ ಹೊಳೆಯಲು ಎರಡು ವಾರ ಹಿಡಿದಿರುತ್ತದೆ.

ಜಿಲ್ಲೆಯ ಮಾನ ಹೊರದೇಶದಲ್ಲಿ ಹೋಗಬಾರದೆಂಬ ಏಕೈಕ ಉದ್ದೇಶದಿಂದ ಮಾದಾಪುರದ ಒಂದು ಕಾಫಿ ಎಸ್ಟೇಟಿನಲ್ಲಿ ಇಡೀ ದಿನದ ಪೂರ್ವಾಭ್ಯಾಸ ಏರ್ಪಡಿಸಲಾಗಿತ್ತು. ಡೇಟಾ ಎಂಟ್ರಿ ಆಪರೇಟರ್ ಶ್ರೀ ಚೈತನ್ಯ ಅವರು ಮೊಬೈಲಿನಲ್ಲಿ ನೋಡಿ ಕಲಿತು ಜಪಾನಿ ಮಾರ್ಗದರ್ಶಿಯ ಪಾತ್ರವನ್ನು ನಿರ್ವಹಿಸಿರುತ್ತಾರೆ. ಅಂದು ಕಂಡುಬಂದ ಲೋಪಗಳನ್ನು ಆಧರಿಸಿ ಕೆಳಕಂಡ ನಿಯಮಗಳನ್ನು ರೂಪಿಸಲಾಗಿದ್ದು, ಇವುಗಳನ್ನು ಓದಿಲ್ಲ ಎಂಬ ಸಬೂಬನ್ನು ಪರಿಗಣಿಸಲಾಗುವುದಿಲ್ಲ.

1. ನಡು ಬಗ್ಗಿಸುವ ಬಗ್ಗೆ

ಮೌನ ನಡಿಗೆಯ ಪೂರ್ವಾಭ್ಯಾಸದಲ್ಲಿ ಸಿಬ್ಬಂದಿಯು ಪ್ರತಿ ಹತ್ತು ಹೆಜ್ಜೆಗೊಮ್ಮೆ ನಿಂತು, ಬಗ್ಗಿ, ಪ್ಯಾಂಟು ಅಥವಾ ಸೀರೆಯ ಅಂಚು ಎತ್ತಿ, ಜಿಗಣೆ ಹತ್ತಿದೆಯೇ ಎಂದು ಪರಿಶೀಲಿಸಿರುವುದು ಕಂಡುಬಂದಿದೆ. ಫೆಬ್ರವರಿಯಲ್ಲಿ ಜಿಗಣೆ ಇರುವುದಿಲ್ಲ ಎಂಬುದನ್ನು ಗಮನಕ್ಕೆ ತರಲಾಗಿದ್ದು, ಸಿಬ್ಬಂದಿ ಅದನ್ನು ಒಪ್ಪಿ, ಮತ್ತೆ ಬಗ್ಗಿರುತ್ತಾರೆ. ಇದನ್ನು ವಂದನೆ ಎಂದು ಭಾವಿಸಿದ ಶ್ರೀ ಚೈತನ್ಯ ಅವರು ಜಪಾನಿ ಪದ್ಧತಿಯಂತೆ ಪ್ರತಿವಂದನೆ ಸಲ್ಲಿಸಿದ್ದು, ಮಾರ್ಗದರ್ಶಿಯೇ ಬಗ್ಗುವಾಗ ತಾವು ನೆಟ್ಟಗೆ ನಿಲ್ಲುವುದು ಸರಿಯಲ್ಲವೆಂದು ಸಿಬ್ಬಂದಿ ಪುನಃ ಬಗ್ಗಿದ್ದಾರೆ. ಪರಿಣಾಮವಾಗಿ ನಲವತ್ತು ನಿಮಿಷಗಳಲ್ಲಿ ತಂಡವು ಕಾಫಿ ಕಣದಿಂದ ಮೊದಲನೆಯ ಸಿಲ್ವರ್ ಓಕ್ ಮರದವರೆಗೆ ಮಾತ್ರ ತಲುಪಿರುತ್ತದೆ.

ಆದ್ದರಿಂದ:
(ಅ) ಜಪಾನಿನಲ್ಲಿ ಜಿಗಣೆ ಪರಿಶೀಲನೆಯನ್ನು ಬೆಳಿಗ್ಗೆ 6ರಿಂದ 6.15ರೊಳಗೆ, ಕೊಠಡಿಯಲ್ಲಿ, ಬಾಗಿಲು ಹಾಕಿಕೊಂಡು ಮುಗಿಸತಕ್ಕದ್ದು.
(ಆ) ದಾರಿಯಲ್ಲಿ ಅಭ್ಯಾಸಬಲದಿಂದ ಬಗ್ಗಿದವರು ಅದನ್ನು ವಂದನೆಯಾಗಿ ಪರಿವರ್ತಿಸಿ ಪೂರ್ಣಗೊಳಿಸತಕ್ಕದ್ದು. ಎದುರಿಗೆ ಯಾರೂ ಇಲ್ಲದಿದ್ದಲ್ಲಿ ಹತ್ತಿರದ ಮರಕ್ಕೆ ಸಲ್ಲಿಸುವುದು.
(ಇ) ಜಿಗಣೆ ಬಿಡಿಸಲು ಬಳಸುವ ಉಪ್ಪಿನ ಗಂಟು, ಸುಣ್ಣದ ಡಬ್ಬಿ ಹಾಗೂ ನಶ್ಯವನ್ನು ಒಯ್ಯುವಂತಿಲ್ಲ. ವಾಹನ ಚಾಲಕ ಶ್ರೀ ಪೊನ್ನಪ್ಪ ಅವರು ಹೊಗೆಸೊಪ್ಪಿನ ನೀರಿನಲ್ಲಿ ನೆನೆಸಿ ತಂದಿದ್ದ ಕಾಲುಚೀಲಗಳನ್ನು ವಶಪಡಿಸಿಕೊಂಡು ಕಚೇರಿಯ ಬೀರುವಿನಲ್ಲಿ ಇಡಲಾಗಿದೆ. ಅಂದಿನಿಂದ ಸದರಿ ಬೀರುವನ್ನು ಯಾರೂ ತೆರೆದಿರುವುದಿಲ್ಲ.

2. ಚಹಾ ವಿಧಿಯ ಬಗ್ಗೆ

ಒಂದು ಬಟ್ಟಲು ಚಹಾ ಬರಲು ಒಂದು ಗಂಟೆ ಆಗುತ್ತದೆ ಎಂಬುದನ್ನು ಸಿಬ್ಬಂದಿ ಮನಗಾಣತಕ್ಕದ್ದು. ಈ ಅವಧಿಯಲ್ಲಿ ಯಾರೂ ಎದ್ದು ‘ನಾನು ಸ್ವಲ್ಪ ಕೈ ಹಾಕಲಾ’ ಎಂದು ಕೇಳುವಂತಿಲ್ಲ. ಪೂರ್ವಾಭ್ಯಾಸದಲ್ಲಿ ಕಚೇರಿ ಅಧೀಕ್ಷಕಿ ಶ್ರೀಮತಿ ಕಾತ್ಯಾಯನಿ ಅವರು ಇಪ್ಪತ್ತು ನಿಮಿಷ ತಾಳಿಕೊಂಡು, ಶ್ರೀ ಚೈತನ್ಯ ಅವರೊಬ್ಬರೇ ಅಷ್ಟು ಹೊತ್ತು ಕದಡುವುದನ್ನು ನೋಡಲಾಗದೆ ಬಟ್ಟಲನ್ನು ಕೈಗೆತ್ತಿಕೊಂಡು, ಸೋಸಿ, ಹಾಲು ಬೆಲ್ಲ ಹಾಕಿ, ಹನ್ನೆರಡು ಲೋಟಗಳಿಗೆ ಹಂಚಿರುತ್ತಾರೆ. ರುಚಿಯ ಬಗ್ಗೆ ಯಾವುದೇ ದೂರು ಬಂದಿರುವುದಿಲ್ಲ. ಆದರೆ ಅದು ಸಂಸ್ಕೃತಿಯಾಗಿ ಉಳಿಯಲಿಲ್ಲ ಎಂದು ಶ್ರೀ ಚೈತನ್ಯ ಅವರು ಷರಾ ಬರೆದಿದ್ದಾರೆ. ಅವರೂ ಎರಡು ಲೋಟ ಕುಡಿದಿರುತ್ತಾರೆ.

ವಿಧಿ ಮುಗಿದ ನಂತರ ಮನೆಯವರನ್ನು ‘ನಿಮ್ಮದು ಕಾಫಿ ಆಯ್ತಾ?’ ಎಂದು ವಿಚಾರಿಸುವುದನ್ನು ಸಹ ನಿಷೇಧಿಸಲಾಗಿದೆ.

3. ‘ನಮ್ಮಲ್ಲೂ ಇದೆ’ ಎಂಬ ವಾಕ್ಯದ ಬಗ್ಗೆ

ಪೂರ್ವಾಭ್ಯಾಸದ ಒಂದೇ ದಿನದಲ್ಲಿ ಈ ವಾಕ್ಯವು ಅರವತ್ತೊಂದು ಬಾರಿ ಬಳಕೆಯಾಗಿದೆ. ಜಪಾನಿನ ಚಿತ್ರಪಟ ತೋರಿಸಿದಾಗ ಬೆಟ್ಟ ಕಂಡರೂ, ಹೊಳೆ ಕಂಡರೂ, ಅಜ್ಜಿಯೊಬ್ಬರು ಬಿದಿರು ಕಳಲೆ ಹೆಚ್ಚುವುದು ಕಂಡರೂ ಸಿಬ್ಬಂದಿ ಒಕ್ಕೊರಲಿನಿಂದ ಇದನ್ನೇ ಹೇಳಿರುತ್ತಾರೆ. ಜಿಂಕೆಗಳ ಚಿತ್ರಕ್ಕೆ ‘ನಮ್ಮ ದುಬಾರೆಯಲ್ಲಿ ಆನೆಯೇ ಇದೆ’ ಎಂಬ ಉತ್ತರ ಬಂದಿದೆ. ಅತಿಥಿಯಾಗಿ ಹೋದವರು ತಮ್ಮ ಮನೆಯ ಪಾತ್ರೆಗಳನ್ನೇ ಹೊಗಳುತ್ತ ಕೂತರೆ ಬಡಿಸುವವರಿಗೆ ಬೇಸರವಾಗುತ್ತದೆ ಎಂಬುದು ಈ ಕಚೇರಿಯ ಅಭಿಪ್ರಾಯವಾಗಿರುತ್ತದೆ.

ಆದ್ದರಿಂದ ಸದರಿ ವಾಕ್ಯವನ್ನು ಒಬ್ಬರಿಗೆ ದಿನಕ್ಕೆ ಮೂರು ಬಾರಿಗೆ ಮಿತಿಗೊಳಿಸಲಾಗಿದೆ. ಬಳಸದೆ ಉಳಿದದ್ದು ಮರುದಿನಕ್ಕೆ ಸೇರುವುದಿಲ್ಲ. ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಕೊಡವ ತಕ್ಕ್, ತುಳು, ಮಲಯಾಳ ಅಥವಾ ಇನ್ಯಾವುದೇ ಭಾಷೆಯಲ್ಲಿ ಹೇಳಿದರೂ, ಅರೆಭಾಷೆಯಲ್ಲಿ ‘ನಮ್ಮಲ್ಲಿ ಕೂಡ ಉಟ್ಟು’ ಎಂದು ಮೆಲ್ಲಗೆ ಗೊಣಗಿದರೂ ಒಂದು ಬಾರಿ ಎಂದೇ ಪರಿಗಣಿಸಲಾಗುವುದು. ಬಾಯಿ ಮುಚ್ಚಿಕೊಂಡು ತಲೆ ಮಾತ್ರ ಆಡಿಸಿದಲ್ಲಿ ಅರ್ಧ ಬಾರಿ.

ಚೆರ್ರಿ ಮರದ ಕೆಳಗೆ ಕಾಫಿ ಹೂವಿನ ಪ್ರಸ್ತಾಪ ಸಂಪೂರ್ಣ ನಿಷಿದ್ಧ. ‘ನಮ್ಮ ಹೂವಿಗೆ ಘಮ ಇದೆ, ಇದಕ್ಕೆ ಎಲ್ಲಿದೆ?’ ಎಂಬ ಹೇಳಿಕೆಯು ನಿಜವಾಗಿದ್ದರೂ ಅದನ್ನು ಮಡಿಕೇರಿಗೆ ಮರಳಿದ ನಂತರ ಹೇಳತಕ್ಕದ್ದು.

4. ಬಿಸಿನೀರಿನ ಬುಗ್ಗೆಯ ಬಗ್ಗೆ

ಅಲ್ಲಿನ ಸ್ನಾನದ ಪದ್ಧತಿಯನ್ನು ಲಿಖಿತವಾಗಿ ವಿವರಿಸಲು ಕೆಳಸಹಿದಾರರಿಗೆ ಸಂಕೋಚವಾಗಿರುವುದರಿಂದ ಸಿಬ್ಬಂದಿ ಒಬ್ಬರನ್ನೊಬ್ಬರು ಕೇಳಿ ತಿಳಿಯತಕ್ಕದ್ದು. ಬುಗ್ಗೆಯೊಳಗೆ ಇಳಿದ ಕ್ಷಣದಿಂದ ಮರಳಿ ಟವೆಲ್ ಸುತ್ತಿಕೊಳ್ಳುವವರೆಗೆ ಜ್ಯೇಷ್ಠತಾ ಪಟ್ಟಿಯನ್ನು ಅಮಾನತಿನಲ್ಲಿ ಇಡಲಾಗಿದೆ.

5. ಅಲ್ಲಿನ ಮಳೆಯ ಬಗ್ಗೆ

ಪ್ರವಾಸದ ವೇಳೆ ಮಳೆ ಬಂದಲ್ಲಿ ಅಂಗೈ ಚಾಚಿ ‘ಇದು ಹತ್ತು ಸೆಂಟ್’, ‘ಅಲ್ಲ, ಹದಿನೈದು’ ಎಂದು ವಾದಿಸುವಂತಿಲ್ಲ. ಇಂಚು ಮತ್ತು ಇಂಚಿನ ನೂರನೇ ಒಂದು ಪಾಲಾದ ಸೆಂಟ್ ಲೆಕ್ಕದಲ್ಲಿ ಮಳೆ ಮಾತನಾಡುವುದು ಕಾಫಿ ಬೆಳೆಗಾರರ ನಾಡಿನ ರೂಢಿಯಾಗಿದ್ದು, ಮಾರ್ಗದರ್ಶಿಗೆ ಅದು ಅರ್ಥವಾಗುವ ಸಂಭವ ಕಡಿಮೆ. ಮಳೆಯಲ್ಲಿ ನೆನೆಯಬಹುದು. ಅಳೆಯುವಂತಿಲ್ಲ. ಈ ನಿಯಮಕ್ಕೆ ಒಬ್ಬರೇ ಹೊರತು, ಅವರ ವಿಷಯ ಕೆಳಗಿದೆ.

6. ಶ್ರೀ ನಾಣಯ್ಯ ಅವರ ಬಗ್ಗೆ

ಚೀಟಿಯಲ್ಲಿ ಮೊದಲು ಬಂದ ಹೆಸರು ಭಾಗಮಂಡಲದ ಮಳೆ ಅಳತೆಗಾರ ಶ್ರೀ ನಾಣಯ್ಯ ಅವರದು. ಸದರಿಯವರು 1997ರ ಜೂನ್ ಒಂದರಿಂದ ಈವರೆಗೆ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಬೇಲಿಯೊಳಗೆ ಹಾಜರಿರುತ್ತಾರೆ. ಒಂದೇ ಒಂದು ದಿನ ಹೊರತು. ಬರುವ ಮೇ 31ರಂದು ಅವರು ನಿವೃತ್ತರಾಗಲಿದ್ದು, ಇಲಾಖೆಯ ವತಿಯಿಂದ ಅವರನ್ನು ಎಲ್ಲಿಗಾದರೂ ಕಳುಹಿಸಲು ಇದೇ ಕೊನೆಯ ಅವಕಾಶ.

ಮಳೆ ರಿಜಿಸ್ಟರಿನಲ್ಲಿ ‘ಮಳೆ’, ‘ಆಲಿಕಲ್ಲು’, ‘ಹಿಮ’, ‘ಷರಾ’ ಎಂದು ನಾಲ್ಕು ಅಂಕಣಗಳಿವೆ. ಇಡೀ ದೇಶಕ್ಕೆ ಒಂದೇ ನಮೂನೆ ಮುದ್ರಿಸಿದವರು ಭಾಗಮಂಡಲದಲ್ಲಿ ಹಿಮ ಬೀಳುತ್ತದೆಯೇ ಎಂದು ವಿಚಾರಿಸಿರಲಿಲ್ಲ. ಯಾವ ಅಂಕಣವನ್ನೂ ಖಾಲಿ ಬಿಡಬಾರದೆಂಬ ನಿಯಮವಿರುವುದರಿಂದ ಶ್ರೀ ನಾಣಯ್ಯ ಅವರು ಹಿಮದ ಅಂಕಣದಲ್ಲಿ ಪ್ರತಿದಿನ ‘ಇಲ್ಲ’ ಎಂದು ದುಂಡಗೆ ಬರೆದಿರುತ್ತಾರೆ. ಹತ್ತು ಸಾವಿರಕ್ಕೂ ಮಿಕ್ಕಿದ ‘ಇಲ್ಲ’ಗಳಲ್ಲಿ ಒಂದೂ ಅವಸರದ ಅಕ್ಷರದಲ್ಲಿ ಇರುವುದಿಲ್ಲ. ರಿಜಿಸ್ಟರ್ ಇಡುವ ಕೋಣೆಯಲ್ಲಿ ಹಿಮ ಮುಚ್ಚಿದ ಜಪಾನಿನ ಹಳ್ಳಿಯೊಂದರ ಚಿತ್ರವಿರುವ ಹಳೆಯ ಕ್ಯಾಲೆಂಡರ್ ಇದ್ದು, ವರ್ಷ ಮುಗಿದು ಹತ್ತೊಂಬತ್ತು ವರ್ಷವಾದರೂ ತೆಗೆದಿರುವುದಿಲ್ಲ. 2011ರಲ್ಲಿ ಸಲಹಾ ಪೆಟ್ಟಿಗೆಯಲ್ಲಿ ಸಿಕ್ಕ ‘ಹಿಮ ಬಿದ್ದರೆ ಅಳೆಯುವುದು ಹೇಗೆ?’ ಎಂಬ ಸಹಿಯಿಲ್ಲದ ಚೀಟಿಯ ಅಕ್ಷರವೂ ದುಂಡಗಿತ್ತು.

ಹೀಗಿದ್ದೂ ಅವರು ಪ್ರವಾಸವನ್ನು ನಿರಾಕರಿಸಿರುತ್ತಾರೆ. ಈ ಬಾರಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿದ್ದು, ಗಿಡ ಮೊಗ್ಗು ಕಟ್ಟಿಕೊಂಡು ಕಾಯುತ್ತಿದೆ, ಬೆಳೆಗಾರರು ದಿನಾ ಬೆಳಿಗ್ಗೆ ‘ಎಷ್ಟು ಸೆಂಟ್ ಬಂತು?’ ಎಂದು ಫೋನ್ ಮಾಡುತ್ತಿದ್ದಾರೆ, ಇಂಥ ಹೊತ್ತಿನಲ್ಲಿ ಮಾಪಕ ಬಿಟ್ಟು ಬರಲಾಗದು ಎಂಬುದು ಅವರ ನಿಲುವು. ಬದಲಿ ಅಧಿಕಾರಿಯನ್ನು ನಿಯೋಜಿಸುವುದಾಗಿ ಕೆಳಸಹಿದಾರರು ಖುದ್ದಾಗಿ ಹೋಗಿ ತಿಳಿಸಿದಾಗ, ಸದರಿಯವರು ಬೇಲಿಯ ಆಚೆ ನಿಂತು ನೀಡಿದ ಉತ್ತರವನ್ನು ಕಡತದ ಸಲುವಾಗಿ ಯಥಾವತ್ತಾಗಿ ದಾಖಲಿಸಲಾಗಿದೆ:

“ಮಳೆ ಅಳೆಯೋರು ಬೇಕು ಸರ್. ಕಾಲು ತೊಳೆಯೋರು ಎಷ್ಟು ಜನ ಬೇಕಾದ್ರೂ ಸಿಕ್ತಾರೆ.”

ಈ ಉತ್ತರದ ಹಿನ್ನೆಲೆಯನ್ನು ತಿಳಿಯದ ಸಿಬ್ಬಂದಿಗಾಗಿ ವಿವರಿಸಲಾಗಿದೆ. 05-06-2003ರಂದು ಶ್ರೀ ನಾಣಯ್ಯ ಅವರು ಸುಳ್ಯದಲ್ಲಿ ತಮ್ಮ ತಂಗಿಯ ಮದುವೆಗೆ ತೆರಳಿದ್ದು, ಆ ಒಂದು ದಿನದ ಅಳತೆಯನ್ನು ಹೊಸದಾಗಿ ಸೇರಿದ್ದ ಒಬ್ಬ ಪ್ರೊಬೇಷನರಿ ಅಧಿಕಾರಿಗೆ ವಹಿಸಲಾಗಿತ್ತು. ಸದರಿ ಅಧಿಕಾರಿಯು ಹತ್ತು ಗಂಟೆಗೆ ಕೆಸರು ಕಾಲಿನಲ್ಲಿ ಬಂದು, ಮಾಪಕದೊಳಗಿನ ಡಬ್ಬಿಯಲ್ಲಿ ನೀರು ಕಂಡು, ಇದು ಕಾಲು ತೊಳೆಯಲು ಇಟ್ಟ ನೀರೆಂದು ಭಾವಿಸಿ, ಎರಡೂ ಕಾಲುಗಳನ್ನು ತೊಳೆದುಕೊಂಡು, ನಂತರ ಡಬ್ಬಿಯನ್ನು ಅಳೆದು ‘ಮಳೆ ಇಲ್ಲ’ ಎಂದು ದಾಖಲಿಸಿರುತ್ತಾರೆ. ಭಾಗಮಂಡಲದಲ್ಲಿ ಮಳೆ ಇಲ್ಲವೆಂಬ ಆ ವರದಿಯನ್ನು ಮಡಿಕೇರಿಗೆ ತಂದ ಬಸ್ಸಿನ ಛಾವಣಿ ಸೋರುತ್ತಿತ್ತು. ಮರುದಿನ ಶ್ರೀ ನಾಣಯ್ಯ ಅವರು ಸದರಿ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಷರಾ ಅಂಕಣದಲ್ಲಿ ‘ಕಾಲು ತೊಳೆಯಲು ಬಳಕೆಯಾಗಿದೆ’ ಎಂದು ಬರೆದಿರುತ್ತಾರೆ. ಅಂದಿನಿಂದ ಇಂದಿನವರೆಗೆ ಅವರು ಒಂದು ದಿನದ ರಜೆಯನ್ನೂ ಪಡೆದಿರುವುದಿಲ್ಲ.

ಆ ಪ್ರೊಬೇಷನರಿ ಅಧಿಕಾರಿ ಯಾರೆಂಬುದನ್ನು ಈ ಸುತ್ತೋಲೆಯ ಕೆಳಗಿರುವ ಸಹಿಯಿಂದ ತಿಳಿಯಬಹುದು. ಈ ಬಗ್ಗೆ ಅವರಿಗೆ ನಾಚಿಕೆಯಾಗಿರುತ್ತದೆ. ನಾಚಿಕೆಯು ಸುಮಾರು ಇಪ್ಪತ್ತಮೂರು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿರುತ್ತದೆ.

ಇದರ ಮಧ್ಯೆ ಉಲ್ಲೇಖ 4ರಂತೆ ಶ್ರೀಮತಿ ಬೊಳ್ಳಮ್ಮ ಅವರು ದೂರವಾಣಿ ಮೂಲಕ ತಿಳಿಸಿದ್ದು: “ಇವ್ರು ಬರ್ತಾರೆ ಸರ್, ಬ್ಯಾಗ್ ನಾನೇ ತುಂಬಿಸಿ ಇಟ್ಟಿದ್ದೇನೆ. ಆ ಕ್ಯಾಲೆಂಡರ್ ನೋಡಿ ನೋಡಿ ಸಾಕಾಗಿದೆ ಅವ್ರಿಗೆ. ಅಳತೆ ನಂಗೊತ್ತು, ನೀವು ಬನ್ನಿ, ಕಲಿಸಿ ಕೊಡ್ತೇನೆ. ಕಾಲು ತೊಳೆದೇ ಬನ್ನಿ.”

7. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಶ್ರೀ ನಾಣಯ್ಯ ಅವರ ನಿರಾಕರಣೆಯನ್ನು ತಿರಸ್ಕರಿಸಲಾಗಿದೆ. ಅವರು ಪ್ರವಾಸಕ್ಕೆ ತೆರಳತಕ್ಕದ್ದು.

(ಆ) ಚೀಟಿಯಲ್ಲಿ ತಮ್ಮ ಹೆಸರೂ ಬಂದಿದ್ದ ಕೆಳಸಹಿದಾರರು ಪ್ರವಾಸದಿಂದ ಹಿಂದೆ ಸರಿದು, ಏಪ್ರಿಲ್ 3ರಿಂದ 14ರವರೆಗೆ ಭಾಗಮಂಡಲದಲ್ಲಿ ತಂಗಿ, ಶ್ರೀಮತಿ ಬೊಳ್ಳಮ್ಮ ಅವರ ಮೇಲ್ವಿಚಾರಣೆಯಲ್ಲಿ ಮಳೆ ಅಳೆಯುವರು. ಎಂಟು ಗಂಟೆಗೇ ಹಾಜರಾಗುವರು. ಬೆಳೆಗಾರರ ಫೋನ್ ಕರೆಗಳಿಗೆ ‘ನೋಡಿ ಹೇಳ್ತೇನೆ’ ಎನ್ನದೆ ಉತ್ತರಿಸುವರು. ಕಾಲು ತೊಳೆಯಲು ಪ್ರತ್ಯೇಕ ನೀಲಿ ಬಕೆಟ್ ಇಡಲಾಗುವುದು.

(ಇ) ಇದರಿಂದ ತೆರವಾದ ಸೀಟಿಗೆ, ಕಾಯುವ ಪಟ್ಟಿಯಲ್ಲಿದ್ದ ಶ್ರೀ ಪೊನ್ನಪ್ಪ ಅವರನ್ನು ಪರಿಗಣಿಸಲಾಗಿದೆ. ಕಾಲುಚೀಲಗಳು ಬೀರುವಿನಲ್ಲೇ ಉಳಿಯತಕ್ಕದ್ದು.

(ಈ) ಬೆಟ್ಟದ ಹಳ್ಳಿಯಲ್ಲಿ ಶ್ರೀ ನಾಣಯ್ಯ ಅವರು ಹಿಮವನ್ನು ಅಳೆಯಲು ಅನುಮತಿಸಲಾಗಿದ್ದು, ಕಚೇರಿಯ ಅಳತೆ ಕೋಲನ್ನು ಜೊತೆಗೆ ಕೊಡಲಾಗುವುದು. ಅವರು ಅಳೆಯುವಾಗ ಇತರ ಸಿಬ್ಬಂದಿ ಅವಸರ ಮಾಡುವಂತಿಲ್ಲ. ಅಲ್ಲಿ ‘ನಮ್ಮಲ್ಲೂ ಇದೆ’ ಎನ್ನಲು ಯಾರಿಗೂ ಸಾಧ್ಯವಾಗದ ಕಾರಣ ನಿಯಮ 3 ಅನ್ವಯಿಸುವುದಿಲ್ಲ.

(ಉ) ಸದರಿ ಹನ್ನೆರಡು ದಿನಗಳಲ್ಲಿ ಕೆಳಸಹಿದಾರರು ರಿಜಿಸ್ಟರಿನ ‘ಮಳೆ’, ‘ಆಲಿಕಲ್ಲು’ ಮತ್ತು ‘ಷರಾ’ ಅಂಕಣಗಳನ್ನು ಮಾತ್ರ ತುಂಬುವರು. ‘ಹಿಮ’ದ ಅಂಕಣವನ್ನು ಖಾಲಿ ಬಿಡಲಾಗುವುದು. ಶ್ರೀ ನಾಣಯ್ಯ ಅವರು ಮರಳಿದ ನಂತರ ತಾವು ಕಂಡದ್ದನ್ನು ಕಂಡ ದಿನಾಂಕದ ಎದುರು ಸ್ವಹಸ್ತದಿಂದ ಬರೆಯತಕ್ಕದ್ದು. ಸದರಿ ರಿಜಿಸ್ಟರ್ ಭಾಗಮಂಡಲಕ್ಕೆ ಮಾತ್ರ ಸಂಬಂಧಿಸಿದ್ದೆಂದು ಶ್ರೀಮತಿ ಕಾತ್ಯಾಯನಿ ಅವರು ಎತ್ತಿರುವ ಆಕ್ಷೇಪಣೆ ಸಂಪೂರ್ಣ ಸರಿಯಾಗಿದೆ. ಆದಾಗ್ಯೂ ಬರೆಯತಕ್ಕದ್ದು.

ಸಹಿ/-
(ನಾಗೇಶ್ವರ)
ಪ್ರಭಾರ ಜಿಲ್ಲಾ ಅಧಿಕಾರಿ
(2003ರಲ್ಲಿ ಪ್ರೊಬೇಷನರಿ)

ಪ್ರತಿಗಳು:
1. ಕೇಂದ್ರ ಕಚೇರಿಗೆ, ನಿಯಮ 7(ಉ) ಇರುವ ಪುಟವನ್ನು ಹೊರತುಪಡಿಸಿ.
2. ಶ್ರೀ ಚೈತನ್ಯ ಅವರಿಗೆ, ಇನ್ನು ಮುಂದೆ ಬಗ್ಗದೆ ಮಾಮೂಲಾಗಿ ನಿಂತು ಮಾತನಾಡಬಹುದೆಂಬ ಸೂಚನೆಯೊಂದಿಗೆ.
3. ಶ್ರೀಮತಿ ಬೊಳ್ಳಮ್ಮ ಅವರಿಗೆ, ನೀಲಿ ಬಕೆಟ್ ಸಹಿತ.
4. ಮಳೆಮಾಪಕದ ಬೇಲಿಗೆ, ಪ್ಲಾಸ್ಟಿಕ್ ಹೊದಿಸಿ ಕಟ್ಟಲು. ಮಾಪಕದ ಬಾಯಿಗೆ ಅಡ್ಡ ಬಾರದಂತೆ.
5. ಬೀರುವಿಗೆ (ಬಾಗಿಲ ಸಂದಿಯಿಂದ ಒಳಗೆ ತಳ್ಳುವುದು).
6. ಮಳೆ ರಿಜಿಸ್ಟರ್, 2003, ಜೂನ್ 5ರ ಪುಟಕ್ಕೆ, ಕೆಂಪು ಶಾಯಿಯ ಸಾಲಿನ ಕೆಳಗೆ ಲಗತ್ತಿಸಲು. ಸಾಲನ್ನು ಅಳಿಸುವಂತಿಲ್ಲ.