ಮಾವನ ವ್ಯಾನು ಮತ್ತು ಎರಡೂಕಾಲು ಇಂಚು

ನನ್ನ ಸೋದರಮಾವನಿಗೆ ದೇವರ ಬಗ್ಗೆ ಯಾವ ಅನುಮಾನವೂ ಇಲ್ಲ. ದೇವರ ಅಳತೆಗಳ ಬಗ್ಗೆ ಮಾತ್ರ ಇದೆ!

ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ಉಕ್ಕು ಸವೆಸಿ ನಿವೃತ್ತರಾದ ಮನುಷ್ಯ ಇವರು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಂಡರೆ ಇವರು ವರ್ನಿಯರ್ ಇಟ್ಟುಕೊಳ್ಳುತ್ತಾರೆ. ಅದರಿಂದ ದೋಸೆಯ ದಪ್ಪ ನೋಡುತ್ತಾರೆ.

"ಅಂಚಲ್ಲಿ ಎರಡು ಮಿಲಿಮೀಟರ್, ನಡುವೆ ಮೂರೂವರೆ. ಇಂಥದ್ದನ್ನ ನಮ್ಮ ಫ್ಯಾಕ್ಟರೀಲಿ ರಿಜೆಕ್ಟ್ ಮಾಡ್ತಿದ್ವಿ."

"ಹಾಗಾದ್ರೆ ಫ್ಯಾಕ್ಟರೀಲೇ ಹೋಗಿ ತಿನ್ನಿ," ಎನ್ನುತ್ತಾರೆ ಅತ್ತೆ.

ಬಿ.ಪಿ. ನೋಡಿದ ಡಾಕ್ಟರನ್ನು ಇವರು ಕೇಳಿದ್ದು ಔಷಧಿಯನ್ನಲ್ಲ, ಆ ಯಂತ್ರವನ್ನು ಕೊನೆಯ ಸಲ ಸರಿನೋಡಿದ್ದು ಯಾವಾಗ ಎಂದು! "ಬೆರಳಲ್ಲಿ, ಗೇಣಲ್ಲಿ ಅಳೆಯೋನು ಕೆಲಸಗಾರನೇ ಅಲ್ಲ ಕಣೇ" ಎಂಬುದು ನನಗೆ ಇವರಿಂದ ಬಂದ ಬಾಲಪಾಠ.

ಈ ವ್ಯಾನಿನ ಕಥೆಯನ್ನು ನೆಂಟರ ಮನೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಂತೆಲ್ಲ ನುಣುಪಾಗುತ್ತ ಹೋಗಿದೆ. ಒಂದು ಸಲ ನಾನೇ ಅದಕ್ಕೆ ತುಂತುರು ಮಳೆಯನ್ನೂ ಸೇರಿಸಿದ್ದೆ! ಮಳೆ ಬಂದಿರಲಿಲ್ಲ. ಆದ್ದರಿಂದ ಇಲ್ಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಗೊತ್ತಿರುವುದು ಇಷ್ಟು. ಅತ್ತೆ ಪೀಣ್ಯ ಎರಡನೇ ಹಂತದ ಸಣ್ಣ ಮೋಟಾರು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸದಲ್ಲಿದ್ದರು. ಬೆನ್ನುಮೂಳೆಯ ಆಪರೇಷನ್ ಆಗಿ, ಒಳಗೆ ಸರಳುಗಳನ್ನು ಕೂರಿಸಿ, ಗಾಲಿಕುರ್ಚಿಗೆ ಬಂದರು. ಆಮೇಲೊಂದು ಮದುವೆಗೆ ಹೋದಾಗ ಛತ್ರದ ಮೆಟ್ಟಿಲ ಬಳಿ ನಾಲ್ಕು ಜನ ಗಂಡಸರು ಕುರ್ಚಿಸಮೇತ ಅವರನ್ನು ಎತ್ತಿದರು. ಸೀರೆ ಜಾರಿತು. "ಹುಷಾರ್, ಹುಷಾರ್, ಆ ಕಡೆ ಹಿಡ್ಕೊ ಗುರು" ಎಂದು ಒಬ್ಬ ಕೂಗುತ್ತಿದ್ದ, ಬೀರು ಸಾಗಿಸುವವನ ಹಾಗೆ. ಫೋಟೋದವನು ಅದನ್ನೂ ಹಿಡಿದ. ಮನೆಗೆ ಬಂದ ಅತ್ತೆ ಒಂದೇ ಮಾತು ಹೇಳಿದರು: "ಇನ್ಮೇಲೆ ನನ್ನನ್ನ ತಳ್ಳಬಹುದು. ಎತ್ತಬಾರದು."

ಮುಗಿಯಿತು! ಮೂರು ವರ್ಷ ದಾಸರಹಳ್ಳಿಯ ಆ ಮನೆಯ ಗೇಟು ದಾಟಲಿಲ್ಲ. ಆಟೋ ಹತ್ತಬೇಕಾದರೂ ಯಾರಾದರೂ ಎತ್ತಲೇಬೇಕಲ್ಲ?

ಆ ಹೊತ್ತಿಗೆ ಸುದ್ದಿ ಬಂತು. ಕಾರ್ಖಾನೆ ಅಲ್ಲಿಂದ ಎದ್ದು ಹೋಗುತ್ತಿದೆ, ಹಳೆಯ ಯಂತ್ರಗಳು ಗುಜರಿಗೆ. ಆಯುಧಪೂಜೆಗೆ ಪ್ರತಿ ವರ್ಷದಂತೆ ಹಳಬರಿಗೂ ಮನೆಮಂದಿಗೂ ಗೇಟು ತೆರೆದಿರುತ್ತದೆ, ಇದೇ ಕೊನೆಯ ಪೂಜೆ, ಮಧ್ಯಾಹ್ನ ಒಂದಕ್ಕೆ ಬೀಗ. ಅತ್ತೆ ಇಪ್ಪತ್ತೆರಡು ವರ್ಷ ಕೂತ ಯಂತ್ರ ಅಲ್ಲಿದೆ. ಮನೆಯಿಂದ ಮೂರೇ ಕಿಲೋಮೀಟರ್.

"ಅದಕ್ಕೊಂದು ಹೂವು ಮುಡಿಸಬೇಕಿತ್ತು," ಎಂದರಂತೆ. ಅಷ್ಟೇ. ಹೋಗಬೇಕು ಎನ್ನಲಿಲ್ಲ. ಮರುದಿನ ಮಾವ ಒಂದು ಹಳೆಯ ವ್ಯಾನು ತಂದು ಬೀದಿಯಲ್ಲಿ ನಿಲ್ಲಿಸಿದರು. ಆಯುಧಪೂಜೆಗೆ ಆರು ವಾರವಿತ್ತು.

ಕೆಲಸಕ್ಕೆ ಜೊತೆಯಾದವನು ಶರಣಪ್ಪ, ರಾಯಚೂರು ಕಡೆಯ ವೆಲ್ಡರ್, ಹಿಂದಿನ ಬೀದಿಯ ಬಾಡಿಗೆ ಕೋಣೆಯವನು. ಟೇಪಿನ ಇನ್ನೊಂದು ತುದಿ ಹಿಡಿಯುವ ಘನ ಹುದ್ದೆ ನನ್ನದು. ಭಾನುವಾರಗಳಲ್ಲಿ ಊರಿನ ಇನ್ನೊಂದು ತುದಿಯ ದೊಡ್ಡನೆಕ್ಕುಂದಿಯಿಂದ ಬರುತ್ತಿದ್ದೆ, ಬರೀ ತುದಿ ಹಿಡಿಯಲು! ಮಾವ ಕುರ್ಚಿಯ ಅಗಲ ಅಳೆದರು, ಚಕ್ರ ಅಳೆದರು, ಗಾಳಿ ತುಂಬಿ ಮತ್ತೆ ಅಳೆದರು. ಬೆಳಿಗ್ಗೆ ಒಂದು ಸಲ, ಬಿಸಿಲೇರಿದ ಮೇಲೆ ಇನ್ನೊಂದು ಸಲ.

"ಸರ, ಇದು ಕುರ್ಚಿ ಐತ್ರೀ, ರಾಕೆಟ್ ಅಲ್ಲ," ಎಂದ ಶರಣಪ್ಪ.

"ರಾಕೆಟ್ ಬಿದ್ರೆ ಇನ್ನೊಂದು ಮಾಡ್ತಾರೆ ಕಣೋ," ಎಂದರು ಮಾವ.

ಮೊದಲ ಇಳಿಜಾರು ಹಲಗೆ ಸಿದ್ಧವಾದ ದಿನ ಕುರ್ಚಿಯ ಮೇಲೆ ಮರಳಿನ ಚೀಲ ಕೂರಿಸಿ ತಳ್ಳಿದೆವು. ಸರಾಗವಾಗಿ ಹತ್ತಿತು. "ನೋಡಿದ್ಯಾ?" ಎಂದು ಮಾವ ತಿರುಗುವಷ್ಟರಲ್ಲಿ ಅಷ್ಟೇ ಸರಾಗವಾಗಿ ಇಳಿಯಿತು! ಬೀದಿ ದಾಟಿ ಎದುರು ಮನೆಯ ತುಳಸಿಕಟ್ಟೆಗೆ ಬಡಿದು ನಿಂತಿತು. ಬೀದಿಯಲ್ಲಿ ಆಗ ಸ್ಕೂಲ್ ವ್ಯಾನೊಂದು ಬರುತ್ತಿತ್ತು ಎಂದು ನನ್ನ ನೆನಪು. ಶರಣಪ್ಪ ಇಲ್ಲವೆನ್ನುತ್ತಾನೆ. ಮರಳು ಚೆಲ್ಲಿದ್ದಂತೂ ನಿಜ. ಯಾರೂ ನಗಲಿಲ್ಲ, ಮೂವರೂ ಆ ಚೀಲದ ಜಾಗದಲ್ಲಿ ಒಂದೇ ಮುಖವನ್ನು ನೋಡುತ್ತಿದ್ದೆವು.

ಹಲಗೆ ಉದ್ದವಾಯಿತು, ಜಾರದಂತೆ ಉಬ್ಬುಗೆರೆಯ ತಗಡು ಬಂತು, ಕುರ್ಚಿಯನ್ನು ಕಟ್ಟಿಹಾಕಲು ನಾಲ್ಕು ಬೆಲ್ಟು ಬಂದವು. ಆರ್‌ಟಿಓ ಕಚೇರಿಗೆ ಮಾವ ನಾಲ್ಕು ಸಲ ಅಲೆದು ಒಪ್ಪಿಗೆಯನ್ನೂ ತಂದರು. ಆಮೇಲೆ ಒಂದು ನೆಲ ಮಾಡಿದರು. ವ್ಯಾನಿನ ಏರುತಗ್ಗಿನ ತಗಡಿನ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ. ಮೂರು ಇಂಚು ಎತ್ತರ, ರಸಮಟ್ಟ ಇಟ್ಟರೆ ಗುಳ್ಳೆ ನಡುವಿನಿಂದ ಅಲುಗುವುದಿಲ್ಲ. ಅದರ ಮೇಲೆ ಗೋಲಿ ಬಿಟ್ಟು ಬೀದಿಯವರಿಗೆಲ್ಲ ತೋರಿಸಿದರು. ಗೋಲಿ ಬಿಟ್ಟಲ್ಲೇ ನಿಂತಿತು. ಜೀವಮಾನದಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿಲ್ಲ ಎಂದರು. ಯಾರೂ ಬಿಚ್ಚಬಾರದೆಂದು ಚೌಕಟ್ಟನ್ನು ವೆಲ್ಡ್ ಮಾಡಿಸಿಬಿಟ್ಟರು.

"ಅಮ್ಮಾರ್ನ ಒಮ್ಮೆ ಕುಂದರ್ಸಿ ನೋಡೂಣೇನ್ರೀ?" ಎಂದು ಶರಣಪ್ಪ ಕೇಳಿದ.

"ಬೇಡ. ಎಲ್ಲಾ ಆದ್ಮೇಲೆ ಒಂದೇ ಸಲ ಕೂರಲಿ. ನಾನು ಕೂತ್ಕೊಂಡು ನೋಡ್ತೀನಿ. ನನಗೆ ಆದ್ರೆ ಅವಳಿಗೆ ಆಗೇ ಆಗುತ್ತೆ."

ಕುರ್ಚಿಯಲ್ಲಿ ಕೂತು ಹನ್ನೊಂದು ಸಲ ಹತ್ತಿದರು. ತಲೆಯ ಮೇಲೆ ಬೇಕಾದಷ್ಟು ಜಾಗ!

ಇಲ್ಲಿ ನಮ್ಮ ವಂಶದ ಒಂದು ಗುಟ್ಟು ಹೇಳಬೇಕು. ಅತ್ತೆ ಮಾವನಿಗಿಂತ ಎತ್ತರ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಮದುವೆಯ ಫೋಟೋದಲ್ಲಿ ಅತ್ತೆ ಕೂತಿದ್ದಾರೆ, ಮಾವ ನಿಂತಿದ್ದಾರೆ. ಆಲ್ಬಮ್ ತಿರುವಿದೆ: ಎಲ್ಲ ಫೋಟೋಗಳಲ್ಲೂ ಹಾಗೇ. ಗಾಲಿಕುರ್ಚಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಅತ್ತೆ ಕೂತೇ ಇದ್ದಾರೆ. ನಿಂತದ್ದು ಒಂದೇ ಕಡೆ, ಅಲ್ಲಿ ಮಾವ ಒಂದು ಮೆಟ್ಟಿಲು ಮೇಲಿದ್ದಾರೆ. ಹಾಗಾದರೆ ಟೇಪಿನ ತುದಿ ಹಿಡಿದಿದ್ದ ನಾನೇಕೆ ಬಾಯಿ ಬಿಡಲಿಲ್ಲ? ನಲವತ್ತು ವರ್ಷದಿಂದ ಯಾರೂ ಬಿಡದ ಬಾಯಿ ನಾನು ಹೇಗೆ ಬಿಡಲಿ!

ಆಯುಧಪೂಜೆ ಬಂತು. ಮಾವನ ಮನೆಯಲ್ಲಿ ಆ ದಿನದ ಕಾನೂನು ಭಯಂಕರ. ಪೂಜೆಯಾದ ಮೇಲೆ ಮರುದಿನ ಬೆಳಗಿನವರೆಗೆ ಯಾವ ಆಯುಧವನ್ನೂ ಯಾರೂ ಮುಟ್ಟುವಂತಿಲ್ಲ. ಚಾಕುವಿಗೂ ರಜೆ, ತರಕಾರಿ ಹಿಂದಿನ ಸಂಜೆಯೇ ಹೆಚ್ಚಿಡಬೇಕು. ಚಿಕ್ಕಂದಿನಲ್ಲಿ ಆ ದಿನ ಬ್ಲೇಡಿನಿಂದ ಪೆನ್ಸಿಲ್ ಹೆರೆದದ್ದಕ್ಕೆ ಸಂಜೆಯವರೆಗೂ ನನ್ನನ್ನು ಮೂಲೆಯಲ್ಲಿ ಕೂರಿಸಿದ್ದರು!

ಅಂಗಳದ ಮಣೆಯ ಮೇಲೆ ವರ್ನಿಯರ್, ಟೇಪು, ಸುತ್ತಿಗೆ, ಡ್ರಿಲ್, ಕಬ್ಬಿಣ ಕೊಯ್ಯುವ ಗ್ರೈಂಡರ್, ಎಲ್ಲಕ್ಕೂ ಕುಂಕುಮ, ಸೇವಂತಿಗೆ. ವ್ಯಾನಿಗೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಹತ್ತು ಗಂಟೆಗೆ ಪೂಜೆ ಮುಗಿಯಿತು. ಅತ್ತೆ ರೇಷ್ಮೆಸೀರೆ ಉಟ್ಟು, ಮಲ್ಲಿಗೆ ಮುಡಿದು, ಯಂತ್ರಕ್ಕೆಂದು ಕಟ್ಟಿದ ಚೆಂಡುಹೂವಿನ ಮಾಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೇಟು ದಾಟಿದರು. ಬೀದಿ ಪೂರ್ತಿ ಬಾಗಿಲಲ್ಲಿ ನಿಂತಿತ್ತು.

ನಾನು ತಳ್ಳಿದೆ. ಕುರ್ಚಿ ಹಲಗೆ ಹತ್ತಿತು. ಅರ್ಧ. ಮುಕ್ಕಾಲು.

ಟಕ್!

ಅತ್ತೆಯ ಹಣೆ ಬಾಗಿಲಿನ ಮೇಲಂಚಿಗೆ ಬಡಿಯಿತು. ಕುರ್ಚಿ ನಿಂತಿತು. ನನ್ನ ಎರಡೂ ಕೈ ಹಿಡಿಯ ಮೇಲೆ, ಹಿಂದೆ ಬೀದಿ.

"ಅತ್ತೆ, ಸ್ವಲ್ಪ ಬಗ್ಗಿ," ಎಂದೆ. ಸರಳು ಹಾಕಿದ ಬೆನ್ನಿಗೆ ಹೇಳುವ ಮಾತೇ ಅದು!

"ಇಬ್ರು ಹಿಡ್ಕೊಂಡ್ರೆ ಮುಗೀತಲ್ಲ ಅಣ್ಣ, ಒಂದ್ ನಿಮಿಷ ಎತ್ತಿ..." ಎಂದು ಯಾರೋ ಮುಂದೆ ಬಂದರು. ಅತ್ತೆ ತಿರುಗಿ ನೋಡಿದರು. ಬಂದವರು ಹಿಂದಕ್ಕೆ ಹೋದರು.

ಕುರ್ಚಿಯನ್ನು ಕೆಳಗಿಳಿಸಿದೆ. ಅತ್ತೆ ಹಣೆ ಒರೆಸಿಕೊಂಡು ಮಾವನನ್ನು ಮೆಲ್ಲಗೆ ಕೇಳಿದರು: "ದೋಸೆನೆಲ್ಲ ಅಳೀತೀರ. ನನ್ನನ್ನ ಒಂದು ಸಲನಾದ್ರೂ ಅಳೆದಿದ್ರಾ?"

"ಒಳಗೆ ಕರ್ಕೊಂಡು ಹೋಗಮ್ಮ," ಎಂದು ಅತ್ತೆ ನನಗೆ ಹೇಳಿದರು. ಮಾಲೆಯನ್ನು ಮಡಚುತ್ತಿದ್ದರು. ಹತ್ತೂವರೆ ದಾಟಿತ್ತು.

ಮಾವ ಮಣೆಯ ಹತ್ತಿರ ಹೋದರು. ಟೇಪು ಎತ್ತಿಕೊಂಡರು. ಅದರ ಮೇಲಿನ ಸೇವಂತಿಗೆ ಕೆಳಗೆ ಬಿತ್ತು.

"ಸರ!" ಎಂದ ಶರಣಪ್ಪ. "ಇವತ್ತ ಮುಟ್ಟಬಾರ್ದ್ರೀ!"

ಕೂತ ಅತ್ತೆಯನ್ನು ಚಕ್ರದಿಂದ ನೆತ್ತಿಯವರೆಗೆ ಅಳೆದರು. ಬಾಗಿಲು ಅಳೆದರು. ಆಮೇಲೆ, ಇಡೀ ಬೀದಿಗೆ ಕೇಳುವಂತೆ:

"ಎರಡೂಕಾಲು ಇಂಚು ಕಮ್ಮಿ. ಇವಳು ನನಗಿಂತ ಉದ್ದ. ಯಾವತ್ತಿಂದಲೂ ಉದ್ದ. ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ."

ನಂತರ ಗ್ರೈಂಡರ್ ಎತ್ತಿಕೊಂಡರು.

"ಏನ್ರೀ ಮಾಡ್ತಿದೀರಿ? ಆ ನೆಲಾನ?" ಎಂದರು ಅತ್ತೆ.

"ಮೂರು ಇಂಚಿದೆ. ತೆಗೆದ್ರೆ ಸಾಕು. ಬೆಲ್ಟಿನ ಬೋಲ್ಟು ಕೆಳಗಿನ ತಗಡಿಗೇ ಇವೆ, ಅವಕ್ಕೇನೂ ಆಗಲ್ಲ."

ಶರಣಪ್ಪ ಚಪ್ಪಲಿ ಬಿಟ್ಟ. ಗ್ರೈಂಡರನ್ನು ಮಾವನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ಅರ್ಧಾ ನಾ ಕೊಯ್ತೀನ್ರೀ. ಪಾಪಾನೂ ಅರ್ಧರ್ಧ ಆಗ್ಲಿ."

ಕಿಡಿ ಹಾರಿ ಬಾಳೆಕಂದು ಸುಟ್ಟಿತು. ಅಲುಗದ ಆ ನೆಲ ನಾಲ್ಕು ತುಂಡಾಗಿ ಚರಂಡಿಯ ಪಕ್ಕ ಬಿತ್ತು. ಇಳಿಜಾರು ಹಲಗೆಯ ಕೊಕ್ಕೆಗಳನ್ನು ಮೂರು ಇಂಚು ಕೆಳಕ್ಕೆ ತಂದದ್ದೂ ಆಯಿತು. ಗಂಟೆ ಹನ್ನೆರಡೂ ಇಪ್ಪತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಹನ್ನೆರಡೂವರೆಯೇ ಇರಬೇಕು.

ಅತ್ತೆ ಕಾರ್ಖಾನೆಗೆ ಹೋಗಿ ಮುಟ್ಟಿದರು, ಫೋಟೋ ಇದೆ: ಯಂತ್ರದ ಕೊರಳಿಗೆ ಚೆಂಡುಹೂವಿನ ಮಾಲೆ, ಪಕ್ಕದಲ್ಲಿ ಅತ್ತೆ. ಮಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಆದರೆ ಅಲ್ಲಿ ಏನು ಮಾತಾಡಿದೆವೆಂದು ಕೇಳಿದರೆ ನನಗೆ ಒಂದು ಅಕ್ಷರವೂ ನೆನಪಿಲ್ಲ. ನೆನಪು ಬೀದಿಯಲ್ಲೇ ನಿಂತುಬಿಟ್ಟಿದೆ.

ಆ ಬೀದಿಯಲ್ಲಿ, ಕುರ್ಚಿ ಈ ಸಲ ವ್ಯಾನಿನ ಒಳಗೆ ಹೋಯಿತು. ಯಾರೂ ಎತ್ತಲಿಲ್ಲ. ನಾಲ್ಕು ಬೆಲ್ಟು ಬಿಗಿದ ಮಾವ ಅಭ್ಯಾಸದಂತೆ ಜೇಬಿಗೆ ಕೈಹಾಕಿದರು. ಜೇಬು ಖಾಲಿ, ವರ್ನಿಯರ್ ಅಲ್ಲೇ ಮಣೆಯ ಮೇಲಿತ್ತು. ಸ್ವಲ್ಪ ತಡೆದು, ತೋರುಬೆರಳನ್ನು ಅತ್ತೆಯ ನೆತ್ತಿಗೂ ವ್ಯಾನಿನ ಚಾವಣಿಗೂ ನಡುವೆ ಅಡ್ಡಲಾಗಿ ತೂರಿಸಿದರು.

"ಒಂದು ಬೆರಳು ಜಾಗ ಇದೆ," ಎಂದರು.

ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ.

"ಅಳೆದಿದ್ದು ಸಾಕು," ಎಂದರು ಅತ್ತೆ, ತಲೆ ಅಲುಗಿಸದೆ. "ಗಾಡಿ ತೆಗೀರಿ, ಹೊತ್ತಾಯ್ತು."