ಷರಾ ಕಾಲಮ್ಮಿಗೆ ನಾನೇ ಹಾಕಿದ ಬೀಗ

ಕೆಲಸವನ್ನು ಅರ್ಧಂಬರ್ಧ ಮಾಡುವವರ ಮೇಲೆ ನನಗೆ ಈಚೆಗೆ ಗೌರವ ಹೆಚ್ಚಿದೆ. ನಾನು ಬದುಕಿನಲ್ಲಿ ಒಂದೇ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದು. ಅದರ ನೋವು ಇನ್ನೂ ಹೋಗಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಣೆಬೆನ್ನೂರಿನ ಮೂರು ಬೀಜದ ಕಂಪನಿಗಳು ಕೂಡಿ ಒಂದು ಕಂಪ್ಯೂಟರ್ ಕೊಂಡಿದ್ದವು. ಮೂವರಿಗೂ ಬೀಜ ಬೆಳೆದುಕೊಡುವ ರೈತರ ಪಟ್ಟಿ ಅದರಲ್ಲಿ ಒಂದೇ ಕಡೆ ಇತ್ತು. ಅದನ್ನು ನೋಡಿಕೊಳ್ಳಲು ನಾನು ದಿನಾ ಹಾವೇರಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ಕಂಪನಿಯ ಪರವಾಗಿ ಅಲ್ಲಿ ಟೈಪು ಮಾಡುತ್ತಿದ್ದವಳು ರತ್ನಾ. ಪಟ್ಟಿಯ ಕೊನೆಗೆ ‘ಷರಾ’ ಎಂಬ ಕಾಲಮ್ಮು. ಬೀಜ ಹಸಿ, ಹೊಲಕ್ಕೆ ರೋಗ ಎಂದೆಲ್ಲ ಬರೆಯಲು. ಒಂದು ದಿನ ಕದರಮಂಡಲಗಿಯ ರೈತರೊಬ್ಬರ ಹೆಸರಿನ ಮುಂದೆ, ಇಂಗ್ಲಿಷ್ ಅಕ್ಷರಗಳಲ್ಲಿ ರತ್ನಾ ಬರೆದ ಕನ್ನಡ ಕಂಡಿತು: ‘ಈ ಹೆಸರು ಎರಡು ಸಲ ಬಂದೈತಿ. ನಿಮ್ಮ ಚಹಾನೂ ಇವತ್ತು ಎರಡು ಸಲ ಆತು.’ ನಾನು ಕೆಳಗೇ ಬರೆದೆ: ‘ಹೆಸರು ತೆಗೀತೇನಿ. ಚಹಾ ಬಿಡೂದಿಲ್ಲ.’ ಅಂದಿನಿಂದ ಯಾರೂ ಹೇಳದಿದ್ದರೂ ಇಡೀ ಪಟ್ಟಿಯನ್ನು ದಿನಾ ತಪಾಸಣೆ ಮಾಡುವ ನಿಷ್ಠೆ ನನಗೆ ಬಂತು. ಎದುರು ಸಿಕ್ಕರೆ ಮಾತ್ರ, ಕರೆಂಟು ಬಂತೇ ಹೋಯಿತೇ ಎಂಬುದರಾಚೆ ನಾವು ಮಾತಾಡುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಕಂಪನಿಯವರು ಪಟ್ಟಿ ನೋಡಿ ಇನ್ನೊಂದರ ಒಳ್ಳೆಯ ರೈತನನ್ನು ಸೆಳೆದುಕೊಂಡರು. ಜಗಳವಾಯಿತು. ಮಾಲೀಕರಲ್ಲಿ ಹಿರಿಯರಾದ ಬಸಣ್ಣನವರು ನನ್ನನ್ನು ಕರೆದರು. “ಒಬ್ಬರದು ಒಬ್ಬರಿಗೆ ಕಾಣಬಾರದು. ಹಂಗ ಕೀಲಿ ಹಾಕ್ರಿ.”

ಪ್ರತಿ ಕಂಪನಿಗೂ ಒಂದೊಂದು ಪಾಸ್‌ವರ್ಡ್ ಮಾಡಿದೆ. ಅವರವರ ರೈತರು ಅವರವರಿಗೆ ಮಾತ್ರ.

“ನಿಮಗ ಕಾಣತೈತೇನು?” ಎಂದರು ಬಸಣ್ಣನವರು.

“ನನಗ ಎಲ್ಲಾ ಕಾಣತೈತ್ರಿ.”

“ಹಂಗಾರ ಅದೇನ್ ಕೀಲಿ ಆತ್ರಿ?”

ನನಗೆ ಅವಮಾನವಾಯಿತು. ಆ ರೋಷದಲ್ಲಿ ನನ್ನ ಅಧಿಕಾರವನ್ನೇ ಕಿತ್ತುಹಾಕಿದೆ. ಎಲ್ಲವನ್ನೂ ತೆರೆಯುವ ಪಾಸ್‌ವರ್ಡನ್ನು ಮೂರು ತುಂಡು ಮಾಡಿ ಮಾಲೀಕರಿಗೆ ಒಂದೊಂದು ಕೊಟ್ಟೆ. ಮೂವರೂ ಎಂದೂ ಒಂದೇ ಕೋಣೆಯಲ್ಲಿ ಕೂರುವುದಿಲ್ಲವೆಂಬ ಧೈರ್ಯದ ಮೇಲೆ ನಿಂತ ಭದ್ರತೆ ಅದು.

ಹದಿನೈದು ದಿನದ ಮೇಲೆ ರತ್ನಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು: “ಷರಾ ನೋಡಿದ್ರೇನ್ರಿ? ಕದರಮಂಡಲಗಿದು?”

“ನಿಮ್ಮ ಕಂಪನೀದು ಈಗ ನನಗ ಕಾಣೂದಿಲ್ರಿ.”

“ನೀವ ಹಾಕಿದ ಕೀಲಿ ನಿಮಗ ತೆಗೀಲಿಕ್ಕೆ ಬರೂದಿಲ್ಲ?”

“ಏನ್ ಬರದೀರಿ, ಬಾಯಿಲೆ ಹೇಳ್ರಿ.”

“ಬಾಯಿಲೆ ಹೇಳೂ ಹಂಗಿದ್ರ ಬರೀತಿದ್ನೇನ್ರಿ?” ಎಂದು ಮೆಟ್ಟಿಲಿಳಿದು ಹೋದಳು.

ಕೀಲಿಯ ಪರೀಕ್ಷೆ ಮಾಡಬೇಕೆಂದು ಸುಳ್ಳು ಹೇಳಿ ಮೂವರು ಮಾಲೀಕರನ್ನು ಕೂಡಿಸಲು ನನಗೆ ಒಂದು ತಿಂಗಳು ಹಿಡಿಯಿತು. ಒಬ್ಬರು ಬ್ಯಾಡಗಿಯ ಮದುವೆಯಿಂದ ರುಮಾಲು ಸಮೇತ ಬಂದರು. ಒಬ್ಬೊಬ್ಬರೂ ಉಳಿದವರಿಗೆ ಕಾಣದಂತೆ ಮೈ ಅಡ್ಡ ಹಿಡಿದು ತಮ್ಮ ತುಂಡು ಒತ್ತಿದರು. ಪಟ್ಟಿ ತೆರೆಯಿತು. ಆದರೆ ಮೂರು ತಲೆಗಳೂ ನನ್ನ ಭುಜದ ಮೇಲೇ ಬಗ್ಗಿದ್ದವು. “ಯಾವುದರ ಒಂದು ಹೆಸರು ತೆಗೆದು ತೋರಸ್ರಿ,” ಎಂದರು ಬಸಣ್ಣನವರು. ಕದರಮಂಡಲಗಿಗೆ ಹೊರಟ ಬೆರಳು ಹೆದರಿ, ಇನ್ನಾವುದೋ ಊರಿನ ರೈತನ ಹೆಸರನ್ನು ತೆರೆಯಿತು. ಷರಾ: ಬೀಜ ಹಸಿ. “ಭಾಳ ಭದ್ರ ಆಗೈತಿ,” ಎಂದು ಮೂವರೂ ಬೆನ್ನು ತಟ್ಟಿದರು.

ಮರುವಾರ ರತ್ನಾಳಿಗೆ ಗುತ್ತಲದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು; ಹೋದಳು. ಹಂಗಾಮು ಮುಗಿದಾಗ ನಿಯಮದಂತೆ ಹಳೆಯ ಷರಾಗಳೆಲ್ಲ ಅಳಿಸಿಹೋದವು. ಆ ನಿಯಮವೂ ನನ್ನದೇ.

ಆಮೇಲೆ ಎಷ್ಟೋ ಸಂಜೆ ನಾನು ಹಾವೇರಿ ನಿಲ್ದಾಣದಲ್ಲಿ ಇಳಿದಾಗ ಪಕ್ಕದಲ್ಲೇ ಗುತ್ತಲದ ಬಸ್ಸು ನಿಂತಿರುತ್ತಿತ್ತು. “ಗುತ್ತಲ, ಗುತ್ತಲ! ಬರ್ರಿ ಲಗೂ!” ಎಂದು ಕಂಡಕ್ಟರು ನನ್ನ ಮುಖ ನೋಡಿಯೇ ಕೂಗುತ್ತಿದ್ದ. ಹತ್ತಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಬಸ್ಸು ಹೊರಡುವ ತನಕ ನಿಂತು ನೋಡಿ, ನಾನು ಮನೆಗೆ ನಡೆದುಹೋಗುತ್ತಿದ್ದೆ.